ಬೀದಿ ಬಾಗಿಲಿನವರು

ಆ ಲಾಂಡ್ರಿಗೆ ಎರಡು ಬಾಗಿಲು. ಹಿತ್ತಲ ಬಾಗಿಲು ಮನೆಯವರಿಗೆ, ಕೆಲಸದವರಿಗೆ, ಬಟ್ಟೆಯ ಬುಟ್ಟಿಗಳಿಗೆ. ಬೀದಿ ಬಾಗಿಲು ಅಪರಿಚಿತರಿಗೆ. ಗಿರಾಕಿಗಳಿಗೆ ಬಾಗಿಲೇ ಇಲ್ಲ. ಪಕ್ಕದ ಸಂದಿಯಲ್ಲಿ ಅಗಲವಾದ ಒಂದು ಕಿಟಕಿ ಇದೆ, ಕೊಳೆಯಾದದ್ದನ್ನು ಅಲ್ಲೇ ಕೊಟ್ಟು ಇಸ್ತ್ರಿಯಾದದ್ದನ್ನು ಅಲ್ಲೇ ತೆಗೆದುಕೊಂಡು ಹೋಗಬೇಕು.

ಈ ಏರ್ಪಾಟು ಮಾಡಿದವನು ಮನೆಯ ಅಜ್ಜ. ಅವನ ಹುಟ್ಟೂರನ್ನು ಯುದ್ಧ ಬಾಚಿಕೊಂಡು ಹೋದಾಗ ಮೈಮೇಲಿನ ಅಂಗಿಯನ್ನೇ ಆಸ್ತಿ ಮಾಡಿಕೊಂಡು ಇಲ್ಲಿಗೆ ಬಂದು ಕಂಡ ಕಂಡ ಬಾಗಿಲು ತಟ್ಟಿದ್ದ. ಯಾರು, ಎಲ್ಲಿಯವನು, ಯಾಕೆ ಬಂದೆ ಎಂದು ಎಲ್ಲರೂ ಕೇಳಿದರು. ಅವನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಕಡೆಗೆ ಬಟ್ಟೆ ಒಗೆಯುವ ವಿಧವೆಯೊಬ್ಬಳು ಏನನ್ನೂ ಕೇಳದೆ ಒಳಗೆ ಕರೆದು ಊಟಕ್ಕಿಟ್ಟಳು. ಅಜ್ಜ ಅಲ್ಲೇ ನಿಂತ, ಕೆಲಸ ಕಲಿತ, ಅವಳ ಮಗಳನ್ನು ಮದುವೆಯಾದ. ಲಾಂಡ್ರಿ ಅವನ ಕೈಗೆ ಬಂದ ಮೇಲೆ ಬೀದಿ ಕಡೆಯ ಕೋಣೆಯನ್ನು ದಾರಿಹೋಕರಿಗೆಂದು ಬಿಟ್ಟುಕೊಟ್ಟ. ದೇವರ ಪುಸ್ತಕದಲ್ಲಿ ಅವನಿಗೆ ಬಹಳ ಹಿಡಿಸಿದ್ದು, ಸುಡುವ ಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದ ಮುದುಕ ದೂರದಲ್ಲಿ ಮೂವರು ಅಪರಿಚಿತರನ್ನು ಕಂಡು ಊಟಕ್ಕೆ ಕರೆತಂದ ಕಥೆ. "ಆ ಮುದುಕ ನಡೆದು ಹೋಗಲಿಲ್ಲ, ಓಡಿ ಹೋದ," ಎಂದು ಅಜ್ಜ ಒತ್ತಿ ಒತ್ತಿ ಹೇಳುತ್ತಿದ್ದ. ಬೀದಿ ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಮಂಡಿ ನೋವಿದ್ದ ತಾನೂ ಓಡುತ್ತಿದ್ದ. ಓಡಿ ಎರಡು ಸಲ ಬಿದ್ದಿದ್ದ.

ಅಜ್ಜ ಮಾಡಿಟ್ಟ ಕಟ್ಟಳೆಗಳನ್ನು ಯಾರೂ ಬರೆದಿಡಲಿಲ್ಲ, ಯಾರೂ ಮರೆಯಲೂ ಇಲ್ಲ. ಬೀದಿ ಬಾಗಿಲಿಂದ ಬಂದವರಿಗೆ ಮೊದಲು ಕಾಲಿಗೆ ನೀರು. ಮೂರು ಹೊತ್ತಿನ ಊಟವಾಗುವವರೆಗೆ ಹೆಸರು ಕೇಳಬಾರದು, ಬಂದ ಕಾರಣ ಕೇಳಬಾರದು. ಆಮೇಲೆ ಕೇಳಬೇಕು, ಕೇಳಿದ ಮೇಲೆ ಕೂತು ಕಿವಿಗೊಡಬೇಕು. ಯಾವಾಗ ಹೊರಡುತ್ತೀರಿ ಎಂದು ಮಾತ್ರ ಎಂದೂ ಕೇಳಬಾರದು. ಬಂದವರು ಕೈಕೆಲಸಕ್ಕೆ ಇಳಿಯುವಂತಿಲ್ಲ. ಇನ್ನು ಹಿತ್ತಲ ಬಾಗಿಲಿಂದ ಬಂದವರು ಮನೆಯವರೇ. ಅವರಿಗೆ ಕೆಲಸ ಹಚ್ಚಬೇಕು.

ಇದರಿಂದ ಎಡವಟ್ಟುಗಳೂ ಆಗಿದ್ದುಂಟು. ಒಮ್ಮೆ ಬಾಯ್ಲರಿನ ಪೈಪು ಒಡೆದು ಒಳಗೆಲ್ಲ ಮಂಡಿಯುದ್ದ ನೀರು. ಮೆಕ್ಯಾನಿಕ್‌ಗೆ ಹೇಳಿಕಳಿಸಿದರು. ಅವನು ಹೊಸಬ, ಬಂದು ಬೀದಿ ಬಾಗಿಲ ಗಂಟೆ ಬಾರಿಸಿದ. ಕಾಲಿಗೆ ನೀರು ಕೊಟ್ಟರು, ಊಟಕ್ಕೆ ಕೂರಿಸಿದರು. ನೀನು ಯಾರು ಎಂದು ಯಾರೂ ಕೇಳಲಿಲ್ಲ. ಇಷ್ಟು ಉಪಚಾರ ಮಾಡುವವರ ಮುಂದೆ ಪೈಪಿನ ಮಾತೆತ್ತಲು ಅವನಿಗೆ ಸಂಕೋಚ. ನೀರು ಸಂಜೆಯವರೆಗೂ ಹರಿಯಿತು. ಆಮೇಲೆ ಅವನು ಎಂಥ ಸಣ್ಣ ರಿಪೇರಿ ಇದ್ದರೂ ಊಟದ ಹೊತ್ತಿಗೆ ಸರಿಯಾಗಿ ಬೀದಿ ಬಾಗಿಲಿಗೇ ಬರತೊಡಗಿದ.

ಅಜ್ಜ ಹೋದ. ಅಜ್ಜನ ಮಗನೂ ಹೋದ. ಈಗ ಮನೆ ನಡೆಸುತ್ತಿರುವವಳು ಆ ಮಗನ ಹೆಂಡತಿ. ಲಾಂಡ್ರಿಯವರೆಲ್ಲ ಅಮ್ಮ ಎನ್ನುತ್ತಾರೆ. ಮಗ ಮತ್ತು ಸೊಸೆ ಮಹಡಿಯ ಮೇಲೆ. ಅಮ್ಮನದು ಅಡುಗೆಮನೆಯ ಪಕ್ಕದ ಕೋಣೆ. ಮದುವೆಯಾಗದ ಮಗಳು ಬಾಯ್ಲರಿನ ಕೋಣೆಗೂ ಅಡುಗೆಮನೆಗೂ ನಡುವಿನ ನಡುದಾರಿಯಲ್ಲಿ ಮಂಚ ಹಾಕಿಕೊಂಡಿದ್ದಾಳೆ. ಹುಟ್ಟಿದಾಗ ಪಾಪಚ್ಚಿ ಎಂದು ಕರೆದರು. ತಲೆ ಅರ್ಧ ಬೆಳ್ಳಗಾದರೂ ಆ ಹೆಸರು ಬಿಟ್ಟುಹೋಗಿಲ್ಲ.

ಕಾಲರಿಗೆ ಗಂಜಿ ಹಾಕುವುದರಲ್ಲಿ, ಚಾದರದ ಅಂಚು ಅಂಚಿಗೆ ಕೂಡಿಸಿ ಮಡಚುವುದರಲ್ಲಿ ಪಾಪಚ್ಚಿ ಎತ್ತಿದ ಕೈ. ನಡುದಾರಿಗೆ ಬಾಗಿಲಿಲ್ಲ. ಬೆಳಗಿನ ಕೆಲಸದವರು ಅವಳ ಹಾಸಿಗೆಯನ್ನು ಬಳಸಿಕೊಂಡೇ ಬುಟ್ಟಿ ಸಾಗಿಸುತ್ತಾರೆ. ಬಾಯ್ಲರಿನ ಪೈಪು ಚಾವಣಿಯ ಕೆಳಗೆ ಹಾದುಹೋಗುವುದರಿಂದ ಆ ಜಾಗ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಹೋಟೆಲಿನ ಚಾದರಗಳನ್ನೆಲ್ಲ ಅಲ್ಲೇ, ಅವಳ ಮಂಚದ ಮೇಲೆಯೇ, ಹಗ್ಗ ಕಟ್ಟಿ ಒಣಹಾಕುತ್ತಾರೆ. ಈ ಸಲ ಮಳೆ ಬೇಗ ಹಿಡಿಯಿತು. ಪಾಪಚ್ಚಿಗೆ ಕೆಮ್ಮು ಹತ್ತಿಕೊಂಡಿತು, ಜಪ್ಪಯ್ಯ ಎಂದರೂ ಬಿಡಲಿಲ್ಲ.

ಬೀದಿ ಕೋಣೆಯೋ, ಒಣಗಿ ಗರಿಗರಿಯಾಗಿರುತ್ತದೆ. ದೊಡ್ಡ ಕಿಟಕಿ, ಗಟ್ಟಿ ಬಾಗಿಲು, ಒಳಗಿನಿಂದ ಚಿಲಕ. ಯಾರು ಬರಲಿ ಬಿಡಲಿ ಶನಿವಾರಕ್ಕೊಮ್ಮೆ ಅಲ್ಲಿನ ಹಾಸಿಗೆಗೆ ಹೊಸ ಚಾದರ. ಅದನ್ನು ಇಸ್ತ್ರಿ ಮಾಡಿ ಹಾಸುವವಳು ಪಾಪಚ್ಚಿಯೇ. ಹಾಸಿದ ಮೇಲೆ ಒಂದು ಗಳಿಗೆ ಅಂಚಿನಲ್ಲಿ ಕೂತು ಎದ್ದು ಬರುತ್ತಿದ್ದಳು, ಕೂತ ಗುರುತನ್ನು ಅಂಗೈಯಿಂದ ಸವರಿ ಅಳಿಸಿ.

ಒಂದು ಶನಿವಾರ ಇಸ್ತ್ರಿ ಮೇಜಿನ ಮುಂದೆ ನಿಂತೇ ಅವಳು ಬಾಯಿಬಿಟ್ಟಳು.

"ಅಮ್ಮಾ, ಈ ಮಳೆ ಕಳೆಯೋವರೆಗೂ ನಾನು ಬೀದಿ ಕೋಣೇಲಿ ಮಲಗ್ತೀನಿ."

ಅಮ್ಮ ದಿಂಬಿನ ಕವರು ಎಣಿಸುತ್ತಿದ್ದಳು. "ಯಾರಾದ್ರೂ ಬಂದ್ರೆ?"

"ಎದ್ದು ಬಿಟ್ಟುಕೊಡ್ತೀನಿ."

"ಬಂದವರಿಗೆ ಬಿಸಿ ಹಾಸಿಗೆ ಕೊಡೋದಾ? ಈ ಜಾಗ ನಂಗೋಸ್ಕರಾನೇ ಕಾದಿತ್ತು ಅನ್ನಿಸ್ಬೇಕು ಅವರಿಗೆ. ಯಾರನ್ನೋ ಎಬ್ಬಿಸಿ ಓಡಿಸಿದ್ರು ಅನ್ನಿಸ್ಬಾರ್ದು."

"ಹೋದ ತಿಂಗಳೆಲ್ಲ ಯಾರೂ ಬರಲೇ ಇಲ್ವಲ್ಲಮ್ಮ."

"ಬರೋದು ಅವರ ಇಷ್ಟ. ಖಾಲಿ ಇಡೋದು ನಮ್ಮ ಕೆಲಸ."

ಎದುರಿಗೆ ಅಂಗಿಗಳ ಮೇಲೆ ನೀರು ಚಿಮುಕಿಸುತ್ತಿದ್ದ ಅತ್ತಿಗೆ ತಲೆ ಎತ್ತಲಿಲ್ಲ. "ನಾನು ಹೇಳಿದ್ರೆ ತಪ್ಪಾಗುತ್ತೆ. ಈ ಮನೇಲಿ ಒಳ್ಳೇ ಕೋಣೇಲಿ ಮಲಗಿರೋದು ಬರೀ ಗಾಳಿ."

"ತಪ್ಪಾಗುತ್ತೆ ಅಂತ ಗೊತ್ತಿದ್ದೂ ಹೇಳಿದೆ ನೋಡು," ಎಂದಳು ಅಮ್ಮ.

"ನನ್ನ ಮೇಲೆ ಚಾದರ ಒಣಗ್ತವೆ ಅಮ್ಮ," ಎಂದಳು ಪಾಪಚ್ಚಿ. "ಅವು ಒಣಗ್ತವೆ, ನಾನು ಒದ್ದೆಯಾಗ್ತೀನಿ."

"ಇನ್ನೊಂದು ಸಲ ಹಿಂಡಿ ಹಾಕೋಕೆ ಹೇಳ್ತೀನಿ." ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪಾಪಚ್ಚಿ ಒಂದಿಷ್ಟು ವಾದ ಮಾಡುತ್ತಿದ್ದಳು.

ಮಾರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಚಹಾಕ್ಕೆ ಬಂದರು. ಅವರೂ ಹಿತ್ತಲ ಬಾಗಿಲಿಂದಲೇ ಬರುವವರು, ಆದ್ದರಿಂದ ಬಂದಾಗಲೆಲ್ಲ ಅವರ ಕೈಗೆ ಒಂದು ಬುಟ್ಟಿ ಕಾಲುಚೀಲ ಕೊಟ್ಟು ಜೊತೆ ಹುಡುಕಲು ಕೂರಿಸುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ಚರ್ಚಿನ ಪ್ರಸಂಗದಲ್ಲಿ ಈ ಮನೆಯ ಬೀದಿ ಕೋಣೆಯನ್ನು ಹೊಗಳದೆ ಅವರಿಗೆ ಸಮಾಧಾನವಿಲ್ಲ. ಖಾಲಿ ಕೋಣೆಯಲ್ಲಿ ಮನೆಯವರು ಮಲಗಬಾರದೇ ಎಂದು ಪಾಪಚ್ಚಿ ಅವರನ್ನೇ ಕೇಳಿದಳು.

ಪಾದ್ರಿಗಳು ಒಂದು ಕಪ್ಪು ಕಾಲುಚೀಲವನ್ನು ಬೆಳಕಿಗೆ ಹಿಡಿದು ಯೋಚಿಸಿದರು. ಪರದೇಶಿಯನ್ನು ನಿನ್ನವನಂತೆ ನೋಡಿಕೋ ಎಂದು ದೇವರ ಮಾತಿದೆ ನಿಜ, ನೀವೇ ಒಂದು ಕಾಲಕ್ಕೆ ಪರದೇಶಿಗಳಾಗಿದ್ದಿರಲ್ಲ ಎಂದೂ ಇದೆ ಎಂದರು. ತನ್ನ ಮನೆಯವರನ್ನೇ ನೋಡಿಕೊಳ್ಳದವನು ನಂಬಿಕೆ ಬಿಟ್ಟವನಿಗಿಂತ ಕಡೆ ಎಂಬ ಮಾತೂ ಇದೆ, ಅದೂ ನಿಜ ಎಂದರು.

"ಹಾಗಾದ್ರೆ ಕೋಣೆ ಯಾರದು?" ಎಂದಳು ಪಾಪಚ್ಚಿ.

"ಈ ಕಾಲುಚೀಲ ನೀಲಿ ಇರಬೇಕಮ್ಮ. ಕಪ್ಪಲ್ಲ," ಎಂದರು ಪಾದ್ರಿಗಳು.

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅವರು ಹೋದರು. ಮಳೆ ಮಾತ್ರ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಏಳುವ ಹೊತ್ತಿಗೆ ಪಾಪಚ್ಚಿಯ ಕಿವಿಯೊಳಕ್ಕೆ ನೀಲಿ ಬೆರೆತ ತಣ್ಣನೆಯ ಒಂದು ಹನಿ ಬಿತ್ತು. ಅವಳು ಎದ್ದು ಕೂತಳು. ಮುಖ ತೊಳೆದು, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿ, ಯಾರಿಗೂ ಹೇಳದೆ ಹಿತ್ತಲ ಬಾಗಿಲು ದಾಟಿದಳು.

ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಬಸ್ಸುಗಳು ಬಂದವು, ಹೋದವು. ಹತ್ತುವವರ ಕಾಲರುಗಳನ್ನೇ ನೋಡುತ್ತಿದ್ದಳು. ಗಂಜಿ ಹೆಚ್ಚಾದವು, ಕಡಿಮೆಯಾದವು, ತಾನೇ ಇಸ್ತ್ರಿ ಮಾಡಿದವು. ಎದುರಿನ ಔಷಧಿ ಅಂಗಡಿಯವನು ಕೆಮ್ಮು ಕೇಳಿಸಿಕೊಂಡು, "ಒಳಗೆ ಬನ್ನಿ, ಅಲ್ಲಿ ಎರಚಲು," ಎಂದ. ಅವಳಿಗೆ ಮುಜುಗರವಾಗಿ ಎದ್ದುಬಿಟ್ಟಳು. ಊಟದ ಹೊತ್ತಾಗಿತ್ತು. ಕಾಲುಗಳು ಮನೆಯ ಕಡೆಗೇ ತಿರುಗಿದವು, ಆದರೆ ಸಂದಿಯೊಳಕ್ಕೆ ತಿರುಗದೆ ನೇರ ಬೀದಿಗೆ ಹೋದವು.

ತನ್ನ ಮನೆಯ ಬೀದಿ ಬಾಗಿಲನ್ನು ಅವಳು ಹೊರಗಿನಿಂದ ನಿಂತು ನೋಡಿದ್ದೇ ಇಲ್ಲ. ಒಳಗಿನಿಂದ ಅದು ಕಂದು ಬಣ್ಣ. ಹೊರಗೆ ಹಸಿರು. ಗಂಟೆಯ ಹಗ್ಗ ಅನೇಕರ ಕೈ ತಾಗಿ ನುಣುಪಾಗಿತ್ತು. ಅದನ್ನು ಎಳೆದಳು.

ಒಳಗೆ ದಡದಡ ಹೆಜ್ಜೆ. ಎಪ್ಪತ್ತು ದಾಟಿದ ಅಮ್ಮನೂ ಗಂಟೆಗೆ ಓಡುವವಳೇ. ಬಾಗಿಲು ತೆರೆಯಿತು. ಅಮ್ಮ ಮಗಳ ಮುಖ ನೋಡಿದಳು, ಕೈಯಲ್ಲಿದ್ದ ಚೀಲ ನೋಡಿದಳು, ನೆನೆದ ಚಪ್ಪಲಿ ನೋಡಿದಳು. ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಪಾಪಚ್ಚಿ ಬೈಗುಳಕ್ಕೆ ತಯಾರಾಗಿದ್ದಳು, ನಗುವಿಗೂ ತಯಾರಾಗಿದ್ದಳು.

"ಬನ್ನಿ, ಒಳಗೆ ಬನ್ನಿ," ಎಂದಳು ಅಮ್ಮ. "ಕಾಲಿಗೆ ಬಿಸಿನೀರು ತರ್ತೀನಿ."

ಅಣಕದ ಎಳೆಯೂ ಆ ದನಿಯಲ್ಲಿರಲಿಲ್ಲ. ತಂದಳು, ಬಗ್ಗಿ ತಂಬಿಗೆ ಕೈಗಿತ್ತಳು, ಟವೆಲ್ ಹಿಡಿದು ನಿಂತಳು. ಬೀದಿ ಕೋಣೆಯ ಮೇಜಿನ ಮೇಲೆ ಊಟ ಬಂತು. ಅಮ್ಮ ಗೋಡೆಗೊರಗಿ ನಿಂತು ಬಡಿಸಿದಳು, ಇನ್ನೊಂಚೂರು ಹಾಕಿಸ್ಕೊಳ್ಳಿ ಎಂದು ಎರಡು ಸಲ ಒತ್ತಾಯ ಮಾಡಿದಳು. ಮನೆಯಲ್ಲಿ ಪಾಪಚ್ಚಿಗೆ ಹಾಗೆ ಯಾರೂ ಎಂದೂ ಒತ್ತಾಯ ಮಾಡಿರಲಿಲ್ಲ. ಪಾತ್ರೆಯಲ್ಲಿದ್ದದ್ದನ್ನು ಅವಳೇ ಬಳಿದುಕೊಳ್ಳುವುದು ವಾಡಿಕೆ.

ಅಮ್ಮ ಹೊರಗೆ ಹೋದ ಮೇಲೆ ಪಾಪಚ್ಚಿ ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಹಾಸಿಗೆಯ ಮೇಲೆ ಅಂಗಾತ ಮಲಗಿ ಚಾವಣಿ ನೋಡಿದಳು. ಅಲ್ಲಿ ಏನೂ ತೂಗಾಡುತ್ತಿರಲಿಲ್ಲ. ನೋಡುತ್ತ ನೋಡುತ್ತ ನಿದ್ದೆ ಹೋದಳು.

ಸಂಜೆ ಅತ್ತಿಗೆ ಕಿಟಕಿಗೆ ಬಂದು ನಿಂತು, "ಏನ್ರೀ ಅತಿಥಿಗಳೇ, ಪ್ರಯಾಣ ಸುಖವಾಗಿತ್ತಾ?" ಎಂದಳು.

"ದಾರಿ ಸ್ವಲ್ಪ ಒದ್ದೆ," ಎಂದಳು ಪಾಪಚ್ಚಿ.

"ನಿನ್ನ ಪಾಲಿನ ಕಾಲರು ನನ್ನ ತಲೆಗೆ ಬಂದಿದೆ, ಗೊತ್ತಾ? ಬಂದು ಇಸ್ತ್ರಿ ಹಿಡಿ, ನಾಟಕ ಸಾಕು."

ಪಾಪಚ್ಚಿ ಎದ್ದು ಇಸ್ತ್ರಿ ಮೇಜಿನವರೆಗೂ ಹೋದದ್ದು ನಿಜ. ಅಮ್ಮ ಅವಳ ಕೈಯಿಂದ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ನೀವು ಕೂತ್ಕೊಳ್ಳಿ. ಬಂದವರ ಕೈಲಿ ಕೆಲಸ ಮಾಡಿಸೋ ಪದ್ಧತಿ ನಮ್ಮಲ್ಲಿಲ್ಲ."

"ಅಮ್ಮಾ..."

"ಚಹಾ ಕಳಿಸ್ತೀನಿ."

ಮೂರನೆಯ ಊಟ ಮುಗಿದದ್ದು ಮರುದಿನ ಬೆಳಿಗ್ಗೆ. ತಟ್ಟೆ ಎತ್ತಿಟ್ಟು ಅಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಬೆಳಗಿನ ಹೊತ್ತಿನಲ್ಲಿ, ಬಾಯ್ಲರು ಕುದಿಯುತ್ತಿರುವಾಗ, ಅಮ್ಮ ಕೂತದ್ದನ್ನು ಪಾಪಚ್ಚಿ ಕಂಡಿರಲಿಲ್ಲ. ಅವಳು ಕೂರುತ್ತಿದ್ದದ್ದು ಈ ಕುರ್ಚಿಯಲ್ಲಿ ಮಾತ್ರ, ಕೇಳುತ್ತಿದ್ದದ್ದು ಈ ಕೋಣೆಯವರ ಮಾತು ಮಾತ್ರ.

"ಈಗ ಹೇಳಿ. ಎಲ್ಲಿಂದ ಬಂದ್ರಿ?"

ಪಾಪಚ್ಚಿ ತಮಾಷೆಗೇ ಶುರುಮಾಡಿದಳು. "ಇಲ್ಲೇ ಹಿಂದುಗಡೆ. ಒಂದು ಲಾಂಡ್ರಿಯವರ ಮನೇಲಿದ್ದೆ."

"ಹೇಗೆ ಆ ಮನೆಯವರು?"

"ಒಳ್ಳೆಯವರು. ಗುರುತಿಲ್ಲದವರಿಗಂತೂ ತುಂಬಾ ಒಳ್ಳೆಯವರು."

ಅಮ್ಮ ತಲೆಯಾಡಿಸಿದಳು, ಮುಂದೆ ಹೇಳಿ ಎನ್ನುವಂತೆ. ಅವಸರವಿರಲಿಲ್ಲ. ಆ ಅವಸರವಿಲ್ಲದ ಮುಖದ ಎದುರಿಗೆ ತಮಾಷೆ ತಾನಾಗಿ ಕರಗಿತು. ಪಾಪಚ್ಚಿ ನಡುದಾರಿಯ ಮಂಚದ ಬಗ್ಗೆ ಹೇಳಿದಳು, ಕೆಮ್ಮಿನ ಬಗ್ಗೆ ಹೇಳಿದಳು. ಆಮೇಲೆ, ಹೇಳಬೇಕೆಂದುಕೊಂಡಿರದ ಇನ್ನೊಂದನ್ನೂ ಹೇಳಿದಳು.

"ಹರೆಯದಲ್ಲಿದ್ದಾಗ ಒಬ್ಬ ಗಡಿಯಾರ ರಿಪೇರಿಯವನಿದ್ದ. ನನ್ನನ್ನ ಮದುವೆಗೆ ಕೇಳೋಕೆ ಅಂತ ಮನೆಗೆ ಬಂದ. ಬೀದಿ ಬಾಗಿಲಿಂದ ಬಂದ್ರೆ ಪರಕೀಯನ ಹಾಗೆ ಕಾಣುತ್ತೆ, ನಮ್ಮವನು ಅನ್ನಿಸ್ಲಿ ಅಂತ ಹಿತ್ತಲ ಕಡೆಯಿಂದ ಬಂದ. ಒಗೆದ ಅಂಗಿ ಹಾಕ್ಕೊಂಡು ಬಂದಿದ್ದ, ಪಾಪ."

"ಮತ್ತೆ?"

"ಆ ಮನೆ ಯಜಮಾನಿತಿ ಏನೂ ಕೇಳ್ಲಿಲ್ಲ. ಹೊಸ ಆಳು ಅಂದ್ಕೊಂಡ್ರು. ಚಾದರದ ಬುಟ್ಟಿ ಕೊಟ್ಟು ತಾರಸಿಗೆ ಕಳಿಸಿದ್ರು. ಸಂಜೆವರೆಗೂ ಹೊತ್ತ. ಇದು ಪರೀಕ್ಷೆ ಇರಬೇಕು ಅಂತ ಬಾಯಿ ಮುಚ್ಕೊಂಡು ಹೊತ್ತ. ಕತ್ತಲಾದ ಮೇಲೆ, ನಾಳೆ ಬೇಗ ಬಾ ಅಂದ್ರು. ಅವನು ಬರ್ಲಿಲ್ಲ. ನಂಗೆ ಸಿಕ್ಕಾಗ, ನಿಮ್ಮಮ್ಮನಿಗೆ ನಾನು ಹಿಡಿಸ್ಲಿಲ್ಲ ಅಂದ. ಆಮೇಲೆ ಊರೇ ಬಿಟ್ಟ."

ಅಮ್ಮ ಮೇಜಿನ ಮೇಲೆ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಬೆರಳಿಂದ ಒಂದು ಕಡೆ ಕೂಡಿಸಿದಳು.

"ಉದ್ದನೆಯವನಾ?"

"ಹೌದು."

"ಬುಟ್ಟಿ ಚೆನ್ನಾಗಿ ಹೊತ್ತ ಅಂತ ಆ ಹೆಂಗಸು ಹೇಳಿರ್ಬೇಕು."

"ಒಂದು ವಾರ ಹೇಳಿದ್ರು. ಎಂಥ ಆಳು ಕೈ ಬಿಟ್ಟುಹೋದ ಅಂತ."

"ಈ ವಿಷಯ ಅವಳಿಗೆ ಯಾಕೆ ಹೇಳಲಿಲ್ಲ ನೀವು?"

"ಅವರು ಕೂರೋದೇ ಇಲ್ಲ," ಎಂದಳು ಪಾಪಚ್ಚಿ.

ಒಳಗೆ ಬಟ್ಟೆ ಹಿಂಡುವ ರೋಲರು ತಿರುಗುವ ಸದ್ದು ಕೇಳುತ್ತಿತ್ತು. ಅಮ್ಮ ಎಲ್ಲರಿಗೂ ಕೇಳುವ ಕೊನೆಯ ಪ್ರಶ್ನೆ ಕೇಳಿದಳು. "ನಿಮಗೆ ಬೇಕಾದ್ದೇನು?"

"ಒಣಗಿದ ಒಂದು ಜಾಗ. ಮುಚ್ಚೋಕೆ ಒಂದು ಬಾಗಿಲು."

ಅಮ್ಮ ಎದ್ದು ಕುರ್ಚಿಯನ್ನು ಸ್ವಸ್ಥಾನಕ್ಕೆ ಸರಿಸಿದಳು. "ಆಯ್ತು. ಎಷ್ಟು ದಿನ ಅಂತ ನಾವು ಕೇಳೋದಿಲ್ಲ." ಹೋಗುವಾಗ ಬಾಗಿಲನ್ನು ತಾನೇ ಮೆಲ್ಲಗೆ ಎಳೆದುಕೊಂಡಳು.

ಹೀಗೆ ಪಾಪಚ್ಚಿ ಬೀದಿ ಕೋಣೆಯವಳಾದಳು. ಕೆಮ್ಮು ಸಡಿಲವಾಯಿತು. ಕಿಟಕಿಯಲ್ಲಿ ಕೂತು ಜನ ನೋಡುವುದು, ಹೊತ್ತಿಗೆ ಸರಿಯಾಗಿ ಬರುವ ಊಟ ಉಣ್ಣುವುದು, ಮಧ್ಯಾಹ್ನ ಚಿಲಕ ಹಾಕಿ ಮಲಗುವುದು. ಮೊದಮೊದಲು ಹಾಯೆನಿಸಿತು. ಆಮೇಲೆ ಗೋಡೆಯಾಚೆಯ ಸದ್ದು ಕಾಡತೊಡಗಿತು. ಇಸ್ತ್ರಿಯ ಸದ್ದು ಕೇಳಿಯೇ ಅವಳಿಗೆ ಬಟ್ಟೆ ಎಷ್ಟು ಹಸಿ ಇದೆ ಎಂದು ತಿಳಿಯುತ್ತಿತ್ತು. ಅತ್ತಿಗೆ ತೀರಾ ಒಣಗಿಸಿಬಿಟ್ಟು ಇಸ್ತ್ರಿ ಒತ್ತುತ್ತಿದ್ದಳು. ಸುಟ್ಟ ವಾಸನೆಯೂ ಬಂತು. ಅಣ್ಣ ವ್ಯಾನಿನಲ್ಲಿ ಬಟ್ಟೆ ಮುಟ್ಟಿಸಿ ಬಂದವನು ಮುಖ ಗಂಟು ಹಾಕಿಕೊಂಡು, "ಹೋಟೆಲ್‌ನವರು ಚಾದರ ವಾಪಸ್ ಕೊಟ್ರು. ಹಾಸಿದ್ರೆ ನಕ್ಷೆ ಹಾಸಿದ ಹಾಗಿದೆಯಂತೆ," ಎಂದು ಕೂಗುವುದು ಕೇಳಿಸಿತು. ಅಮ್ಮ ಅವನಿಗೂ ಅದನ್ನೇ ಹೇಳಿದಳು: ಬೀದಿ ಕೋಣೆಯಲ್ಲಿ ಇರುವವರು ಬಂದವರು, ಅವರಿಗೆ ಕೆಲಸ ಹೇಳುವ ಹಾಗಿಲ್ಲ.

"ಅವಳು ನಿನ್ನ ಮಗಳಮ್ಮ," ಎಂದ ಅಣ್ಣ.

"ಇರಬಹುದು. ಬಂದದ್ದು ಯಾವ ಬಾಗಿಲಿಂದ?"

ಅಣ್ಣ ಚಾದರದ ಬುಟ್ಟಿಯನ್ನು ದೊಪ್ಪೆಂದು ಇಳಿಸಿದ ಸದ್ದು ಕೇಳಿಸಿತು.

ಮುಂದಿನ ವಾರ ಹೋಟೆಲಿನ ಮ್ಯಾನೇಜರನ್ನು ಸಮಾಧಾನ ಮಾಡಲೆಂದು ಅಮ್ಮ ಅಣ್ಣನ ಜೊತೆ ವ್ಯಾನಿನಲ್ಲಿ ಹೊರಟಳು. ಕೆಲಸದವರು ಊಟಕ್ಕೆ ಹೋಗಿದ್ದರು. ಮೋಡ ಕವಿದದ್ದು ನೋಡಿ ಅತ್ತಿಗೆ ಬಟ್ಟೆ ಎತ್ತಲು ತಾರಸಿಗೆ ಓಡಿದಳು. ಪಾಪಚ್ಚಿ ಚಿಲಕ ಹಾಕಿಕೊಂಡು ಮಲಗಿದ್ದಳು. ಆಗ ಬೀದಿ ಬಾಗಿಲ ಗಂಟೆ ಬಾರಿಸಿತು.

ಅವಳು ಅಲುಗಾಡಲಿಲ್ಲ. ಗಂಟೆಗೆ ಓಡುವುದು ಮನೆಯವರ ಕೆಲಸ. ಮನೆಯವರು ಯಾರೂ ಇರಲಿಲ್ಲ. ತಾರಸಿಗೆ ಗಂಟೆ ಕೇಳುವುದಿಲ್ಲ. ಪರದೆಯ ಸಂದಿಯಿಂದ ನೋಡಿದರೆ ಬಾಗಿಲ ಮುಂದೆ ಒಬ್ಬ ಹೆಂಗಸು, ತನಗಿಂತ ಕೊಂಚ ಹಿರಿಯಳು. ಗಂಡಸರ ಬೂಟು ಹಾಕಿದ್ದಳು. ಹಗ್ಗ ಬಿಗಿದ ಸೂಟ್‌ಕೇಸಿನ ಮೇಲೆ ಒಂದು ಕೈ, ಇನ್ನೊಂದು ಕೈ ಗೋಡೆಯ ಮೇಲೆ. ಮಳೆ ಶುರುವಾಗಿತ್ತು.

ಪಾಪಚ್ಚಿ ಹಾಸಿಗೆಯ ಮೇಲೆ ಕೂತಳು. ಬಾಗಿಲು ತೆರೆದರೆ ತಾನು ಮನೆಯವಳಾಗುತ್ತೇನೆ, ಕೋಣೆ ಬಂದವಳದಾಗುತ್ತದೆ. ತೆರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಹೆಂಗಸು ಇನ್ನೊಂದು ಬಾಗಿಲು ತಟ್ಟುತ್ತಾಳೆ. ಊರಿನಲ್ಲಿ ಬಾಗಿಲುಗಳಿಗೇನು ಬರ. ಔಷಧಿ ಅಂಗಡಿಯವನಾದರೂ ಒಳಗೆ ಕರೆಯುತ್ತಾನೆ. ತನಗೆ ಈ ಕೋಣೆ ಸಿಗಲು ಇಷ್ಟು ವರ್ಷ ಬೇಕಾಯಿತು; ಇದೊಂದು ಮಳೆಗಾಲವಾದರೂ ಕಳೆಯಲಿ. ಇಷ್ಟೆಲ್ಲ ಅವಳು ನಿಧಾನವಾಗಿ, ಒಂದೊಂದಾಗಿ ಯೋಚಿಸಿದಳು. ಯಾವುದರಲ್ಲೂ ತಪ್ಪು ಕಾಣಲಿಲ್ಲ.

ಗಂಟೆ ಎರಡನೆಯ ಸಲ ಬಾರಿಸಲಿಲ್ಲ. ಸೂಟ್‌ಕೇಸು ನೆಲದ ಮೇಲೆ ಉಜ್ಜುವ ಸದ್ದಾಯಿತು, ಎತ್ತಿಕೊಂಡು ಹೊರಡುವವರ ಸದ್ದು.

ಪಾಪಚ್ಚಿ ಚಿಲಕ ತೆಗೆದಳು. ಬರಿಗಾಲಿನಲ್ಲೇ ಹೋಗಿ ಬೀದಿ ಬಾಗಿಲು ತೆರೆದು ಮಳೆಗೆ ಇಳಿದಳು. ಹೆಂಗಸು ಆಗಲೇ ಪಕ್ಕದ ಮನೆ ದಾಟಿದ್ದಳು. ಪಾಪಚ್ಚಿ ಹಿಂದಿನಿಂದ ಸೂಟ್‌ಕೇಸಿಗೆ ಕೈ ಹಾಕಿದಾಗ ಅವಳು ಬೆಚ್ಚಿ ತಿರುಗಿದಳು.

"ಬನ್ನಿ, ಒಳಗೆ ಬನ್ನಿ," ಎಂದಳು ಪಾಪಚ್ಚಿ.

"ನಾನು ಕೆಟ್ಟವಳಲ್ಲ. ನನ್ನ ಹೆಸರು..."

"ಅದೆಲ್ಲ ಆಮೇಲೆ. ಮೊದ್ಲು ಕಾಲು ತೊಳ್ಕೊಳ್ಳಿ, ಊಟ ಮಾಡಿ."

ಅವಳನ್ನು ಅಡುಗೆಮನೆಯಲ್ಲಿ ಒಲೆಯ ಹತ್ತಿರ ಕೂರಿಸಿ, ಕಾಲಿಗೆ ನೀರು, ಕೈಗೆ ಚಹಾ ಕೊಟ್ಟು, ಪಾಪಚ್ಚಿ ಬೀದಿ ಕೋಣೆಗೆ ಹೋದಳು. ಹಾಸಿಗೆ ಇನ್ನೂ ಬೆಚ್ಚಗಿತ್ತು. ಹಳೆಯ ಚಾದರ ಕಿತ್ತೆಸೆದು, ಒಂದು ದಿಂಬಿನ ಕವರು ಮಡಚಿ, ಬೆಚ್ಚಗಿದ್ದ ಜಾಗಕ್ಕೆ ಗಾಳಿ ಬೀಸತೊಡಗಿದಳು. ತಾರಸಿಯಿಂದ ಇಳಿದುಬಂದ ಅತ್ತಿಗೆ ಬಾಗಿಲಲ್ಲಿ ನಿಂತು, "ಹಾಸಿಗೆಗೆ ಸೆಕೆಯಾಯ್ತಾ?" ಎಂದಳು. ಆಮೇಲೆ ಅಡುಗೆಮನೆಯ ಕಡೆ ನೋಡಿ, ಇಸ್ತ್ರಿಯಾದ ಚಾದರ ತಾನೇ ತಂದುಕೊಟ್ಟಳು. ಅದರಲ್ಲಿ ಮೂರು ಸುಕ್ಕುಗಳಿದ್ದವು. ಪಾಪಚ್ಚಿ ಅವನ್ನು ಅಂಗೈಯಿಂದ ಸವರಿ ಹಾಸಿದಳು.

ಅಮ್ಮ ಬಂದಾಗ ಮಳೆ ನಿಂತಿತ್ತು. ಬೀದಿ ಕೋಣೆಯ ಬಾಗಿಲು ಮುಚ್ಚಿತ್ತು, ಹೊರಗೆ ಗಂಡಸರ ಬೂಟು. ಪಾಪಚ್ಚಿ ಇಸ್ತ್ರಿ ಮೇಜಿನ ಮುಂದೆ ನಿಂತು ಹೋಟೆಲಿನ ಚಾದರಗಳಿಗೆ ಮತ್ತೆ ನೀರು ಚಿಮುಕಿಸುತ್ತಿದ್ದಳು. ಅವಳ ಚೀಲ ನಡುದಾರಿಯ ಮಂಚದ ಮೇಲಿತ್ತು, ನೇತಾಡುವ ಒದ್ದೆ ಬಟ್ಟೆಗಳ ಕೆಳಗೆ.

"ಯಾರು ಬಾಗಿಲು ತೆಗೆದದ್ದು?" ಎಂದಳು ಅಮ್ಮ.

"ನಾನು."

"ಊಟ?"

"ಒಂದು ಹೊತ್ತಾಯ್ತು."

ಅಮ್ಮ ಹೋಗಿ ಮಂಚದ ಮೇಲಿನ ಚೀಲ ಎತ್ತಿಕೊಂಡಳು. "ಇದನ್ನ ನನ್ನ ಕೋಣೇಲಿ ಇಡ್ತೀನಿ."

"ಬೇಡಮ್ಮ. ಬಾಗಿಲು ತೆಗೆದ ಮೇಲೆ ನಾನು ಮನೆಯವಳೇ."

"ಮೊದಲು ಬಂದ ಅತಿಥಿ ಇನ್ನೂ ಹೊರಟಿಲ್ಲ," ಎಂದಳು ಅಮ್ಮ. "ಹೋಗ್ಬರ್ತೀನಿ ಅಂತ ನಂಗೆ ಯಾರೂ ಹೇಳಿಲ್ಲ. ಎರಡನೆಯವರು ಬಂದ್ರೆ ಒಬ್ಬರಿಗೆ ಮನೆ ಯಜಮಾನರ ಹಾಸಿಗೆ. ಈ ಕಟ್ಟಳೆ ನಿಮ್ಮಜ್ಜ ಮಾಡಿದ್ದು, ನಾನಲ್ಲ."

"ಹಾಗಾದ್ರೆ ನೀನೆಲ್ಲಿ ಮಲಗ್ತೀಯ?"

"ಇಲ್ಲಿ."

"ಈ ಹನಿ ಕೆಳಗಾ? ನಿಂಗೂ ಕೆಮ್ಮು ಬೇಕಾ?"

"ಹನಿ ಇರಲ್ಲ." ಅಮ್ಮ ಮಗನನ್ನು ಕೂಗಿದಳು. "ಈ ಹಗ್ಗ ಎಲ್ಲ ಬಿಚ್ಚು. ಮಹಡಿ ಹಾಲಲ್ಲಿ ಕಟ್ಟು. ಅಲ್ಲೂ ಪೈಪು ಹಾದುಹೋಗುತ್ತೆ."

"ಹಾಲಲ್ಲಾ?" ಎಂದ ಅಣ್ಣ. "ಸೋಫಾ ಮೇಲಾ?"

"ಒಬ್ಬರು ನನ್ನ ಮುಂದೆ ಕೂತು ಒಣಗಿದ ಜಾಗ ಬೇಕು ಅಂತ ಕೇಳಿದಾರೆ. ಬೇಕಾದ್ದೇನು ಅಂತ ನಾನೇ ಕೇಳಿದ್ದು. ಕೊಡೋ ಮನಸ್ಸಿಲ್ದಿದ್ರೆ ಕೇಳ್ಬಾರ್ದಿತ್ತು."

ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಆಗಲಿ. ಇನ್ಮೇಲೆ ನಮ್ಮ ನೆಂಟರು ಮಹಡಿ ಮೇಲೆ ನೆನೀಲಿ." ಆದರೆ ಸ್ಟೂಲು ತಂದವಳು ಅವಳೇ. ಚಾದರಗಳು ಇಳಿದವು, ಹಗ್ಗಗಳು ಬಿಚ್ಚಿದವು. ನಡುದಾರಿಯ ಚಾವಣಿ ಕಾಣಿಸಿತು. ಅದಕ್ಕೆ ಸುಣ್ಣ ಬಳಿದು ಎಷ್ಟು ಕಾಲವಾಗಿತ್ತೋ, ಯಾರಿಗೂ ನೆನಪಿರಲಿಲ್ಲ.

ಇನ್ನು ಮಂಚ. ಅಮ್ಮನ ಮಂಚ ಮೆತ್ತಗೆ, ಅದು ಅತಿಥಿಗಿರಲಿ ಎಂದು ಅಮ್ಮ. ಬೆನ್ನುನೋವಿನವಳು ನಡುದಾರಿಯ ಕುಳಿಬಿದ್ದ ಮಂಚದಲ್ಲಿ ಮಲಗುವುದು ಬೇಡ, ನಿನ್ನ ಮಂಚ ನೀನು ತೆಗೆದುಕೊಂಡು ಹೋಗು ಎಂದು ಪಾಪಚ್ಚಿ. ಕಡೆಗೆ ಅಮ್ಮನ ಮಂಚವನ್ನೇ ಹೊರಗೆ ತರುವುದೆಂದಾಯಿತು. ಅಣ್ಣ ಒಂದು ಕಡೆ, ಪಾಪಚ್ಚಿ ಒಂದು ಕಡೆ. ಮಂಚ ಬಾಗಿಲಿಗೆ ಬಂದು ಸಿಕ್ಕಿಕೊಂಡಿತು. ಓರೆ ಮಾಡಿದರು, ಎತ್ತಿದರು, ಅಣ್ಣನ ಬೆರಳು ನಜ್ಜಿತು.

"ಇದು ಒಳಗೆ ಹೋಗಿದ್ದಾದ್ರೂ ಹೇಗೆ?" ಎಂದ ಅವನು.

"ನಿಮ್ಮಪ್ಪ ಒಳಗೇ ಕೂತು ಮಾಡಿಸಿದ್ದು," ಎಂದಳು ಅಮ್ಮ, ತಡವಾಗಿ ನೆನಪಾಗಿ.

"ಮೊದಲೇ ಹೇಳೋದಲ್ವಾ?"

"ನೀವು ಕೇಳ್ಲಿಲ್ಲ."

ಗಲಾಟೆಗೆ ಬೀದಿ ಕೋಣೆಯ ಬಾಗಿಲು ತೆರೆಯಿತು. ಹೊಸ ಹೆಂಗಸು ನಿದ್ದೆಗಣ್ಣಿನಲ್ಲಿ ಬಂದು ಸಿಕ್ಕಿಕೊಂಡಿದ್ದ ಮಂಚದ ಕಾಲಿಗೆ ಕೈ ಹಾಕಿದಳು.

"ನೀವು ಮುಟ್ಬಾರ್ದು," ಎಂದಳು ಪಾಪಚ್ಚಿ, ಅಮ್ಮ ಬಾಯಿ ತೆರೆಯುವ ಮೊದಲೇ. "ನಮ್ಮಲ್ಲಿ ಬಂದವರು ಕೆಲಸ ಮಾಡೋ ಹಾಗಿಲ್ಲ. ಕೂತ್ಕೊಳ್ಳಿ. ರಾತ್ರಿ ಊಟಕ್ಕೆ ಕರೀತೀನಿ."

ಹೆಂಗಸು ಕೈ ತೆಗೆದು ಬಾಗಿಲಲ್ಲೇ ನಿಂತಳು. ಅಮ್ಮ ಮಗಳನ್ನು ಒಂದು ಕ್ಷಣ ನೋಡಿದಳು, ಆಮೇಲೆ ಮಂಚವನ್ನು.

"ಇದು ಹೊರಗೆ ಬರಲ್ಲ," ಎಂದಳು. "ಅವಳ ಮಂಚಾನೇ ಒಳಗೆ ತಗೊಂಡು ಬನ್ನಿ. ಕಿಟಕಿ ಕಡೆ ಹಾಕಿ."

"ಇಬ್ಬರಿಗೂ ಜಾಗ ಸಾಲುತ್ತಾ?" ಎಂದಳು ಪಾಪಚ್ಚಿ.

"ಸಾಲದಿದ್ರೆ ನನ್ನ ಪೆಟ್ಟಿಗೆ ಹೊರಗೆ ಹಾಕೋಣ. ಬಾಗಿಲಿದೆ, ಚಿಲಕ ಇದೆ. ನೀನು ಹಾಕ್ಕೊಂಡಿದ್ರೆ ನಾನು ತಟ್ತೀನಿ."

ಅಮ್ಮನ ಮಂಚವನ್ನು ಒಳಕ್ಕೇ ತಳ್ಳಿದರು. ನಡುದಾರಿಯ ಮಂಚ ಹಗುರ. ಮಡಿಸಿದರೆ ಒಬ್ಬಳೇ ಹೊರಬಹುದು. ಪಾಪಚ್ಚಿ ಅದನ್ನು ತಲೆಯ ಮೇಲಿಟ್ಟುಕೊಂಡು, ಬಗ್ಗಿ, ಅಮ್ಮನ ಮಂಚವನ್ನು ಬಳಸಿ ಒಳಗೆ ಹೋದಳು. ಅಮ್ಮ ಹಿಂದೆಯೇ ದಿಂಬು ಹಿಡಿದು ಬಂದಳು. ಮಂಚ ಹಾಕಿಯಾದ ಮೇಲೆ ಇಬ್ಬರ ಮೊಣಕಾಲುಗಳ ನಡುವೆ ಉಳಿದ ಜಾಗ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಅಮ್ಮ ತನ್ನ ಹಾಸಿಗೆಯ ಅಂಚಿನಲ್ಲಿ ಕೂತಳು. ಇನ್ನೂ ಹೊತ್ತು ಮುಳುಗಿರಲಿಲ್ಲ, ಬಾಯ್ಲರು ಆರಿರಲಿಲ್ಲ.

"ಆ ಗಡಿಯಾರದವನು," ಎಂದಳು, "ಯಾವ ಊರಿಗೆ ಹೋದ?"

ಪಾಪಚ್ಚಿ ಎದುರಿಗೆ ಕೂತು ಹೇಳತೊಡಗಿದಳು.